ಅಪ್ಪನ ಸೈಟಿನ ಮೇಲೊಂದು ಕಪ್ಪು ಗೆರೆ

ಕಳೆದ ವರ್ಷ ಯುಗಾದಿಗೆ ಇನ್ನೂ ಹತ್ತು ದಿನ ಇರುವಾಗಲೇ ನಮ್ಮ ಮನೆಯಲ್ಲಿ ಹೋಳಿಗೆ ಆಗಿತ್ತು. ಅಪ್ಪ ಸೈಟಿಗೆ ಮುಂಗಡ ಕೊಟ್ಟು ಬಂದಿದ್ದ. ಯಾದಗಿರಿ ಊರ ಹೊರಗೆ ಹೊಸದಾಗಿ ಎದ್ದಿರುವ ಒಂದು ಲೇಔಟ್‌ನಲ್ಲಿ ಮೂವತ್ತು–ನಲವತ್ತರ ಸೈಟು, ನಂಬರ್ 41. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಯಾದಗಿರಿ–ಶಹಾಪುರ–ಸುರಪುರ ರೂಟಿನಲ್ಲಿ ಇಪ್ಪತ್ತೆರಡು ವರ್ಷ ಸ್ಟೇರಿಂಗ್ ತಿರುಗಿಸಿದ್ದಾನೆ. ಅಷ್ಟರಲ್ಲಿ ನಾವು ಬದಲಿಸಿದ ಬಾಡಿಗೆ ಮನೆಗಳು ನಾಲ್ಕು. ‘ಈಗ ಗ್ವಾಡಿಗೆ ಮಳಿ ಹೊಡಿಲಾಕ ಯಾರನ್ನೂ ಕೇಳಬೇಕಾಗಿಲ್ಲ ನೋಡು’ ಎಂದು ಅವ್ವ ಫೋನಿನಲ್ಲಿ ಹೇಳಿದಾಗ ನಾನು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತಿದ್ದೆ. ಖುಷಿಯಾಗಿತ್ತು. ಆ ಖುಷಿಯನ್ನು ಕೆಡಿಸುವವನು ನಾನೇ ಎಂದು ಆಗ ಗೊತ್ತಿರಲಿಲ್ಲ.

ಆಗ ನಾನು ಸಿವಿಲ್ ಎಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರ್. ಕಿರು ಪ್ರಾಜೆಕ್ಟಿಗೆ ನಮ್ಮ ಸರ್ ಒಂದು ವಿಷಯ ಕೊಟ್ಟಿದ್ದರು: ಒಂದು ಊರಿನ ಹಳೆಯ ಟೋಪೋಶೀಟ್ ಇಟ್ಟುಕೊಂಡು, ಆ ಊರು ಯಾವ ಕಡೆ, ಹೇಗೆ ಬೆಳೆದಿದೆ ಎಂದು ತೋರಿಸಬೇಕು. ಬೆಂಗಳೂರಿಗೆ ಜಗಳವೇ ಆಯಿತು. ಕಾರಣ ಸುಲಭ, ಬೆಂಗಳೂರಿನ ಬಗ್ಗೆ ಬೇಕಾದಷ್ಟು ಜನ ಆಗಲೇ ಬರೆದಿಟ್ಟಿದ್ದಾರೆ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ ಬಂತು ಎಂಬುದು ಯಾರನ್ನು ಕೇಳಿದರೂ ಗೊತ್ತು. ನನಗೆ ಉಳಿದದ್ದು ನನ್ನ ಊರು. ‘ಯಾದಗಿರಿದಾಗ ಬೆಳೆಯೂದು ಏನದಲೇ, ತೊಗರಿ ಬಿಟ್ರ?’ ಎಂದು ರೂಮ್‌ಮೇಟ್ ನಕ್ಕ. ನಾನೂ ನಕ್ಕೆ.

ಇಲಾಖೆಯ ಲ್ಯಾಬಿನಲ್ಲಿ ಒಂದು ಕಬ್ಬಿಣದ ಅಲ್ಮಾರಿ ಇದೆ. ಅದರೊಳಗೆ ಸರ್ವೆ ಆಫ್ ಇಂಡಿಯಾದ ಹಾಳೆಗಳು ಸುರುಳಿ ಸುತ್ತಿ ಮಲಗಿದ್ದವು, ಕೆಲವಕ್ಕೆ ಜಿರಲೆ ಮೊಟ್ಟೆಯ ಅಲಂಕಾರವೂ ಇತ್ತು. 1767ರಲ್ಲಿ ಹುಟ್ಟಿದ ಸಂಸ್ಥೆ ಅದು. ನಮ್ಮ ದೇಶದ ಅತ್ಯಂತ ಹಳೆಯ ಸರ್ಕಾರಿ ಇಲಾಖೆಗಳಲ್ಲಿ ಒಂದು. 1802ರಲ್ಲಿ ಮದ್ರಾಸಿನಲ್ಲಿ ವಿಲಿಯಂ ಲ್ಯಾಂಬ್ಟನ್ ಸರಪಳಿ ಹಿಡಿದು ನೆಲ ಅಳೆಯಲು ಶುರು ಮಾಡಿ, ತ್ರಿಕೋನದ ಪಕ್ಕ ತ್ರಿಕೋನ ಕಟ್ಟುತ್ತ ಉತ್ತರಕ್ಕೆ ಹೊರಟ. ಮುಗಿಸುವ ಮೊದಲೇ 1823ರಲ್ಲಿ ತೀರಿಕೊಂಡ. ಅವನ ಕೆಲಸವನ್ನು ಹಿಮಾಲಯದ ಬುಡದವರೆಗೆ ಒಯ್ದದ್ದು ಜಾರ್ಜ್ ಎವರೆಸ್ಟ್. ಪರೀಕ್ಷೆಗೆ ಇಷ್ಟು ಸಾಕು. ನನಗೆ ಆಮೇಲೆ ತಲೆನೋವು ತಂದದ್ದೂ ಇದೇ ಎವರೆಸ್ಟ್, ಅದನ್ನು ಮುಂದೆ ಹೇಳುತ್ತೇನೆ.

ಪ್ರತಿ ಹಾಳೆಗೂ ಒಂದು ನಂಬರ್ ಇರುತ್ತದೆ. ನೋಡಲು ಬಸ್ಸಿನ ನಂಬರ್ ಪ್ಲೇಟಿನಂತೆ ಕಂಡರೂ ಅದರಲ್ಲಿ ಒಂದು ಲೆಕ್ಕವಿದೆ. ಇಡೀ ದೇಶವನ್ನು ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಚೌಕಗಳಾಗಿ ಹಂಚಿದ್ದಾರೆ. ನಮ್ಮದು 56ನೇ ಚೌಕ, ಹೈದರಾಬಾದ್ ಕೂಡ ಅದರೊಳಗೇ ಬರುತ್ತದೆ. ಅದನ್ನು ಹದಿನಾರು ತುಂಡು ಮಾಡಿ ಎ ಇಂದ ಪಿ ತನಕ ಅಕ್ಷರ ಕೊಟ್ಟಿದ್ದಾರೆ. ಪ್ರತಿ ತುಂಡನ್ನೂ ಮತ್ತೆ ಹದಿನಾರು ಮಾಡಿದರೆ ನಮ್ಮ ಕೈಗೆ ಬರುವ ಹಾಳೆ. ಸುಮಾರು 27 ಕಿಲೋಮೀಟರ್ ಅಗಲ, ಅಷ್ಟೇ ಉದ್ದದ ನೆಲ ಅರ್ಧ ಮೀಟರಿಗಿಂತ ಸ್ವಲ್ಪ ದೊಡ್ಡ ಕಾಗದದಲ್ಲಿ ಕೂತಿರುತ್ತದೆ. ಶಹಾಪುರ 56 ಡಿ/14ರಲ್ಲಿದೆ. ಯಾದಗಿರಿ 56 ಎಚ್/1ರಲ್ಲಿದೆ, ಅದೂ ಕೆಳ ಅಂಚಿಗೆ ಅಂಟಿಕೊಂಡಂತೆ. ಸುರಪುರದ್ದು ಇನ್ನೂ ಫಜೀತಿ. ಅದು 56 ಡಿ/14ರ ಕೆಳಗಿನ ಎಡ ಮೂಲೆಯಲ್ಲಿ ಕೂತಿದೆ. ಸುತ್ತಲಿನ ಊರುಗಳನ್ನು ನೋಡಬೇಕೆಂದರೆ 10, 11, 14, 15 ನಾಲ್ಕೂ ಹಾಳೆಗಳನ್ನು ನೆಲದ ಮೇಲೆ ಹಾಸಿ ಜೋಡಿಸಬೇಕು. ನನ್ನ ಆಯಿಯ ಊರು ಸುರಪುರ. ಆಯಿಗೆ ಇದನ್ನು ಹೇಳಿದೆ. ‘ನಮ್ಮೂರು ಯಾವಾಗ್ಲೂ ಹಂಗೇ, ಒಬ್ಬರ ಕೈಯಾಗ ಸಿಗಂಗಿಲ್ಲ’ ಎಂದಳು. 1857–58ರ ದಂಗೆಯ ರಾಜಾ ವೆಂಕಟಪ್ಪ ನಾಯಕನ ಊರಿನವರು ಹೀಗೆ ಮಾತಾಡದೆ ಇನ್ನು ಹೇಗೆ ಮಾತಾಡುತ್ತಾರೆ?

ಶಹಾಪುರ ಮತ್ತು ಯಾದಗಿರಿ ನಡುವೆ 77 ಡಿಗ್ರಿ ರೇಖಾಂಶ ಹಾದುಹೋಗುತ್ತದೆ. ಅಲ್ಲಿ ಡಿ ಮುಗಿದು ಎಚ್ ಶುರು. ಅಪ್ಪ ಅದನ್ನು ಇಪ್ಪತ್ತೆರಡು ವರ್ಷದಿಂದ ದಿನಾ ದಾಟುತ್ತಿದ್ದಾನೆ ಎಂದು ಹೇಳಿದೆ. ‘ಅಲ್ಲಿ ಟೋಲ್ ಇಲ್ಲಲ್ಲ, ಬಿಡು’ ಎಂದ.

ಹಾಳೆಯೊಳಗಿನ ಊರು

ಟೋಪೋಶೀಟ್ ಓದುವುದಕ್ಕೆ ಮೊದಲು ಬಣ್ಣ ಓದುವುದನ್ನು ಕಲಿಯಬೇಕು. ಕೆಂಪು ಎಂದರೆ ಮನೆ, ರಸ್ತೆ. ಹಳದಿ ಹೊಲ, ಹಸಿರು ಕಾಡು, ನೀಲಿ ನೀರು. ಕಂದು ಗೆರೆಗಳು ಕಾಂಟೂರ್, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ. ವರ್ಷವಿಡೀ ನೀರಿಲ್ಲದ, ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳಗಳಿಗೆ ನೀಲಿ ಭಾಗ್ಯವಿಲ್ಲ, ಅವಕ್ಕೆ ಕಪ್ಪು ಗೆರೆ. ನಮ್ಮ ಜಿಲ್ಲೆಯ ಹಾಳೆಗಳಲ್ಲಿ ಎಲ್ಲಿ ನೋಡಿದರೂ ಈ ಕಪ್ಪು ಗೆರೆಗಳು, ಕೈ ಮೇಲಿನ ನರಗಳ ಹಾಗೆ. ಕೆರೆ ಏರಿಯ ಪಕ್ಕದಲ್ಲಿ ‘5ಆರ್’ ಎಂದೋ ‘6ಆರ್’ ಎಂದೋ ಬರೆದಿದ್ದರೆ ಏರಿ ಸುತ್ತಲಿನ ನೆಲಕ್ಕಿಂತ ಅಷ್ಟು ಎತ್ತರ ಎಂದರ್ಥ. ಬಾವಿ, ಗುಡಿ, ಮಸೀದಿ, ಈದ್ಗಾ, ಗೋರಿ, ಅಂಚೆ ಕಚೇರಿ ಎಲ್ಲಕ್ಕೂ ಗುರುತುಗಳಿವೆ. ಯಾವುದೋ ಸರ್ವೆಯರ್ ಬಿಸಿಲಲ್ಲಿ ನಡೆದು ನಮ್ಮೂರಿನ ಒಂದೊಂದು ಬಾವಿಯನ್ನೂ ಗುರುತು ಮಾಡಿಕೊಂಡು ಹೋಗಿದ್ದಾನೆ. ನಮ್ಮ ಜಿಲ್ಲೆಯ ಬಿಸಿಲು ಗೊತ್ತಿದ್ದವರಿಗೆ ಆ ಮನುಷ್ಯನ ಮೇಲೆ ಗೌರವ ತಾನಾಗಿ ಬರುತ್ತದೆ.

ಒಂದು ಎಚ್ಚರಿಕೆ. ಹಾಳೆಯ ಮೇಲೆ ಎರಡು ವರ್ಷ ಇರುತ್ತವೆ, ಸರ್ವೆ ಮಾಡಿದ್ದು ಒಂದು, ಅಚ್ಚಾದದ್ದು ಇನ್ನೊಂದು. ಎರಡರ ನಡುವೆ ಹಲವು ವರ್ಷಗಳ ಅಂತರ ಇರಬಹುದು. ನೋಡಬೇಕಾದದ್ದು ಸರ್ವೆಯ ವರ್ಷ. ನನಗೆ ಸಿಕ್ಕ ಹಾಳೆಗಳು ಅಪ್ಪ ಹುಟ್ಟುವ ಮೊದಲೇ ಸರ್ವೆಯಾದವು. ಅದಕ್ಕೂ ಹಿಂದಿನದು ಬೇಕೆಂದಾಗ ಸರ್ ಒಂದು ದಾರಿ ತೋರಿಸಿದರು. 1950ರ ದಶಕದಲ್ಲಿ ಅಮೆರಿಕ ಸೇನೆಯ ನಕ್ಷಾ ವಿಭಾಗ ಭಾರತದ ನಕ್ಷೆಗಳನ್ನು ತಯಾರಿಸಿತ್ತು. ಅವು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅದರ ಎನ್‌ಇ 43–16 ಎಂಬ ಒಂದೇ ಹಾಳೆಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಬರುತ್ತವೆ. ಅಲ್ಲಿ ಒಂದು ಸೆಂಟಿಮೀಟರ್ ಎಂದರೆ ಎರಡೂವರೆ ಕಿಲೋಮೀಟರ್. ಹಾಗಾಗಿ ಊರುಗಳು ಅಕ್ಕಿಕಾಳಿನಷ್ಟೇ. ಆದರೂ ನಮ್ಮೂರಿನ ಹೆಸರು ಎಲ್ಲೋ ದೂರದ ಸೇನೆಯ ನಕ್ಷೆಯಲ್ಲಿ ಇದೆ ಎಂದು ರೂಮ್‌ಮೇಟ್‌ಗೆ ತೋರಿಸಿದೆ. ಈ ಸಲ ಅವನು ನಗಲಿಲ್ಲ.

ಹಳೆ ಹಾಳೆಯಲ್ಲಿ ಯಾದಗಿರಿ ಎಂದರೆ ಕೋಟೆಗುಡ್ಡದ ಬುಡದ ಊರು ಮತ್ತು ರೈಲ್ವೆ ಸ್ಟೇಷನ್. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಸೇರಿತು. ಆ ಗೆರೆಯ ಮೇಲೆ ನಮ್ಮ ಸ್ಟೇಷನ್ ಇದೆ. ಆಗ ನಾವು ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದೆವು. ಆಮೇಲಿನ ನೂರು ವರ್ಷ ಊರು ಸ್ಟೇಷನ್ ಕಡೆಗೆ ನಿಧಾನವಾಗಿ ನಡೆದುಕೊಂಡು ಬಂದಿದೆ. ಓಡಲು ಶುರು ಮಾಡಿದ್ದು 2010ರಲ್ಲಿ ಗುಲಬರ್ಗಾದಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ. ಜಿಲ್ಲೆ ಎಂದರೆ ಜಿಲ್ಲಾಧಿಕಾರಿ ಕಚೇರಿ, ಕೋರ್ಟು, ಆಸ್ಪತ್ರೆ. ಅವುಗಳ ಹಿಂದೆ ನೌಕರರ ಮನೆ, ನೌಕರರ ಹಿಂದೆ ಲೇಔಟ್‌ಗಳು. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 74 ಸಾವಿರ. ಅದಾದ ಮೇಲೆ ಬಂದವರೆಲ್ಲ ಎಲ್ಲಿ ಮನೆ ಕಟ್ಟಿದರು ಎಂಬುದಕ್ಕೆ ಉತ್ತರ ನಮ್ಮ ಹಳೆ ಹಾಳೆಯ ಹಳದಿ ಬಣ್ಣದಲ್ಲಿದೆ.

ಸುರಪುರ ಹಾಗಲ್ಲ. ಸುತ್ತ ಗುಡ್ಡ, ನಡುವೆ ಊರು. ಕ್ಯಾಪ್ಟನ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಕಟ್ಟಿಸಿದ ಟೇಲರ್ ಮಂಜಿಲ್ ಮುಂದೆ ನಿಂತರೆ ಕಾಂಟೂರ್ ಎಂದರೇನು ಎಂದು ಪುಸ್ತಕ ಇಲ್ಲದೆಯೇ ತಿಳಿಯುತ್ತದೆ. ಬಂಡೆಗಳು ಊರನ್ನು ಎಲ್ಲಿ ಬೇಕಾದರೂ ಬೆಳೆಯಲು ಬಿಟ್ಟಿಲ್ಲ. ಹಳೆ ಹಾಳೆಯಲ್ಲಿ ರಂಗಂಪೇಟೆ ಮತ್ತು ಸುರಪುರದ ನಡುವೆ ಗಾಳಿಯಾಡುವಷ್ಟು ಜಾಗ ಕಾಣುತ್ತದೆ, ಈಗ ಆಟೊದಲ್ಲಿ ಹೋದರೆ ಒಂದು ಮುಗಿದು ಇನ್ನೊಂದು ಶುರುವಾದದ್ದೇ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಮೂರರಲ್ಲಿ ಚೆಂದದ ಹಾಳೆ ಸುರಪುರದ್ದೇ. ಆಯಿಯ ಊರೆಂದು ಹೇಳುತ್ತಿಲ್ಲ.

ನನಗೆ ನಿಜಕ್ಕೂ ಅಚ್ಚರಿ ತಂದದ್ದು ಶಹಾಪುರದ ಹಾಳೆ. ನಾನು ಹುಡುಕುತ್ತಿದ್ದದ್ದು ಕೆಂಪು ಬಣ್ಣ ಎಷ್ಟು ಹಬ್ಬಿದೆ ಎಂದು. ಹಳೆಯ ಹಾಳೆಯ ಪಕ್ಕ ಹೊಸ ಓಪನ್ ಸೀರೀಸ್ ಹಾಳೆ ಇಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಕೆಂಪಲ್ಲ, ನೀಲಿ. ಹಳೆಯದರಲ್ಲಿ ಇಲ್ಲವೇ ಇಲ್ಲದ ನೀಲಿ ಗೆರೆಗಳು, ಕಾಂಟೂರ್ ಹಿಡಿದು ಹಾವಿನ ಹಾಗೆ ಬಳುಕುತ್ತ ಹೊರಟಿವೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಅದರ ಎಡದಂಡೆ ಕಾಲುವೆ ಮತ್ತು ಶಹಾಪುರ ಶಾಖಾ ಕಾಲುವೆ ನಮ್ಮ ಸಗರನಾಡಿನ ನಕ್ಷೆಯನ್ನೇ ತಿದ್ದಿ ಬರೆದಿವೆ. ಜೋಳ, ತೊಗರಿ ಇದ್ದ ಕಡೆ ಭತ್ತ ಬಂತು. ಭತ್ತದ ಹಿಂದೆ ರೈಸ್ ಮಿಲ್ಲು, ಕ್ಯಾಂಪುಗಳು, ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಶೋರೂಮು. ಭೀಮರಾಯನಗುಡಿ ಎಂಬ ಇಡೀ ಕಾಲೊನಿಯೇ ಯೋಜನೆಯ ಜನರಿಗಾಗಿ ಬೆಳೆದದ್ದು, ಈಗ ಅಲ್ಲಿ ಕೃಷಿ ಕಾಲೇಜಿದೆ. ಊರು ಬೆಳೆಯುವುದು ರಸ್ತೆಯ ಗುಂಟ ಎಂದು ನಮ್ಮ ಪುಸ್ತಕದಲ್ಲಿದೆ. ಶಹಾಪುರ ರಸ್ತೆಯ ಗುಂಟ ಬೆಳೆದಿರುವುದೂ ನಿಜ, ಆದರೆ ದುಡ್ಡು ಬಂದದ್ದು ಕಾಲುವೆಯ ಗುಂಟ.

ಬದಲಾಗದ್ದೂ ಉಂಟು. ಮಲಗಿದ ಬುದ್ಧನ ಬೆಟ್ಟ ಎಲ್ಲ ಹಾಳೆಯಲ್ಲೂ ಹಾಗೇ ಮಲಗಿದೆ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ಅಳತೆ ಹಿಡಿದು ನಿಲ್ಲಿಸಿದ ಇತಿಹಾಸಪೂರ್ವ ಕಾಲದ ಬಂಡೆಗಳಿವೆ. ಟೇಲರ್ ಅವುಗಳ ಬಗ್ಗೆ ಬರೆದಿದ್ದಾನೆ, ಈಗ ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿ ನಿಂತು ನೋಡಿದಾಗ ನನಗೆ ಲೇಔಟ್ ಕಲ್ಲು ನೆಟ್ಟ ಹಾಗೆಯೇ ಕಂಡಿತು. ಯಾರಿಗಾಗಿ, ಯಾವ ಸೈಟಿಗಾಗಿ ನೆಟ್ಟರೋ!

ಎವರೆಸ್ಟ್ ಕೊಟ್ಟ ಏಟು

ಹಳೆಯ ಹಾಳೆಯನ್ನು ಸ್ಕ್ಯಾನ್ ಮಾಡಿ ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸುವುದಕ್ಕೆ ಜಿಯೋರೆಫರೆನ್ಸಿಂಗ್ ಎನ್ನುತ್ತಾರೆ. ಕ್ಯುಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು, ಎಂಟು ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿನಲ್ಲಿ ಆರಾಮಾಗಿ ಓಡುತ್ತದೆ. ನಾನು ಹಾಳೆಯ ನಾಲ್ಕು ಮೂಲೆಗಳಲ್ಲಿ ಅಚ್ಚಾಗಿರುವ ಅಕ್ಷಾಂಶ–ರೇಖಾಂಶಗಳನ್ನು ಹಾಗೇ ಒತ್ತಿದೆ. ಚಿತ್ರ ಕೂತಿತು. ಆದರೆ ರೈಲು ಹಳಿ ಹಳಿಯ ಮೇಲೆ ಕೂರಲಿಲ್ಲ, ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದಿತ್ತು. ‘ಹಳೆ ಕಾಲದವರು, ಅಂದಾಜಿನಲ್ಲಿ ಬರೆದಿದ್ದಾರೆ’ ಎಂದು ಸರ್ ಮುಂದೆ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ.

ತಪ್ಪು ಅವರದಲ್ಲ, ನನ್ನದು. ಭೂಮಿ ಉರುಟು, ಅದೂ ಸರಿಯಾದ ಉರುಟಲ್ಲ. ಅದರ ಆಕಾರಕ್ಕೆ ಜಾರ್ಜ್ ಎವರೆಸ್ಟ್ 1830ರಲ್ಲಿ ಒಂದು ಲೆಕ್ಕ ಕೊಟ್ಟ. ನಮ್ಮ ಹಳೆಯ ನಕ್ಷೆಗಳೆಲ್ಲ ಆ ಲೆಕ್ಕದ ಮೇಲೆ ನಿಂತಿವೆ. ನಿಮ್ಮ ಮೊಬೈಲಿನ ಜಿಪಿಎಸ್ ಬಳಸುವುದು 1984ರ ಬೇರೆ ಲೆಕ್ಕ. ಒಂದೇ ಅಕ್ಷಾಂಶ–ರೇಖಾಂಶ ಎರಡು ಲೆಕ್ಕದಲ್ಲಿ ಎರಡು ಜಾಗ ತೋರಿಸುತ್ತದೆ. ಅದನ್ನು ತಿದ್ದಿ, ಜೊತೆಗೆ ಬದಲಾಗದ ಜಾಗಗಳನ್ನು, ಅಂದರೆ ಭೀಮಾ ನದಿಯ ರೈಲ್ವೆ ಸೇತುವೆ, ಕೋಟೆಗುಡ್ಡ, ಹಳೆ ರಸ್ತೆಗಳು ಕೂಡುವ ಜಾಗ ಇವನ್ನು ಹಿಡಿದು ಕೂರಿಸಿದ ಮೇಲೆ ಹಳಿ ಹಳಿಯ ಮೇಲೆ ಬಂತು. ರಾತ್ರಿ ಒಂದೂವರೆ ಗಂಟೆ. ಆ ಖುಷಿಯಲ್ಲಿ, ಸುಮ್ಮನೆ ಒಂದು ಆಟದ ಹಾಗೆ, ಅಪ್ಪನ ಸೈಟು ಎಲ್ಲಿದೆ ನೋಡೋಣ ಎಂದು ಅತ್ತ ಸರಿಸಿದೆ.

ಲೇಔಟಿನ ಮಧ್ಯೆ ಒಂದು ಕಪ್ಪು ಗೆರೆ. ಎರಡು ಸಣ್ಣ ಹಳ್ಳಗಳು ಕೂಡಿ ಒಂದಾಗುವ ಜಾಗ. ಮೇಲುಗಡೆಯ ಕಾಂಟೂರ್‌ಗಳು ಅಲ್ಲಿ ‘ವಿ’ ಆಕಾರದಲ್ಲಿ ಹಿಂದಕ್ಕೆ ಬಾಗಿದ್ದವು. ಆ ‘ವಿ’ಯ ಚೂಪು ಎತ್ತರದ ಕಡೆ ಇದ್ದರೆ ಅದು ನೀರಿನ ದಾರಿ ಎಂದು ಮೊದಲ ಪಾಠದಲ್ಲೇ ಹೇಳಿಕೊಟ್ಟಿರುತ್ತಾರೆ.

ಬೆಳಿಗ್ಗೆ ತನಕ ನಿದ್ದೆ ಬರಲಿಲ್ಲ. ಹಾಗೆಂದು ಕೂಡಲೇ ಫೋನ್ ಮಾಡಲಿಲ್ಲ. ಯಾಕೆಂದರೆ ಲೆಕ್ಕ ಇನ್ನೊಂದು ಮಾತು ಹೇಳುತ್ತಿತ್ತು. ಆ ಹಾಳೆಯಲ್ಲಿ ಒಂದು ಮಿಲಿಮೀಟರ್ ಎಂದರೆ 50 ಮೀಟರ್. ಮೂವತ್ತು–ನಲವತ್ತರ ಸೈಟು ಅಲ್ಲಿ ಕಾಲು ಮಿಲಿಮೀಟರೂ ಆಗುವುದಿಲ್ಲ. ನಾವು ಬರೆಯುವ 0.5 ಎಂಎಂ ಪೆನ್ನಿನ ಒಂದು ಚುಕ್ಕೆಯೊಳಗೆ ಅಂಥ ನಾಲ್ಕು ಸೈಟು ಹಿಡಿಯುತ್ತವೆ. ಕಪ್ಪು ಗೆರೆ 41ರ ಮೇಲೆ ಇದೆಯೋ, 45ರ ಮೇಲೆ ಇದೆಯೋ, ಪಕ್ಕದ ಹೊಲದಲ್ಲಿದೆಯೋ ಎಂದು ಟೋಪೋಶೀಟ್ ಇಟ್ಟುಕೊಂಡು ಯಾರೂ ಪ್ರಮಾಣ ಮಾಡಿ ಹೇಳಲಾರರು. ‘ಇಲ್ಲೆಲ್ಲೋ ಹಳ್ಳ ಇತ್ತು’ ಎಂದಷ್ಟೇ ಅದು ಹೇಳುವುದು. ಅಪ್ಪ ಹದಿನಾರು ವರ್ಷ ಕೂಡಿಟ್ಟ ದುಡ್ಡಿನ ಮುಂದೆ ‘ಇಲ್ಲೆಲ್ಲೋ’ ಎಂಬ ಮಾತು ಎಷ್ಟು ತೂಗುತ್ತದೆ?

ಶನಿವಾರ ಊರಿಗೆ ಹೋದೆ.

‘ಹಳ್ಳ ಎಲ್ಲದೋ? ನಾ ನಿಂತ್ ನೋಡೀನಿ. ನೆಲ ಸಪಾಟ ಅದ’ ಎಂದ ಅಪ್ಪ.

‘ಈಗ ಸಪಾಟ ಮಾಡ್ಯಾರಪ್ಪಾ.’

‘ನೀ ಹಾಸ್ಟೆಲ್‌ದಾಗ ಕೂತು ನೋಡಿದ್ದು ಖರೇ, ನಾ ದಿನಾ ಬಸ್ ಮ್ಯಾಲಿಂದ ನೋಡಿದ್ದು ಸುಳ್ಳು, ಹೌದಿಲ್ಲೋ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವ್ವ ಊಟಕ್ಕೆ ಕರೆದಳು. ಆ ರಾತ್ರಿ ನಾವು ಮೂವರೂ ಸೈಟು ಎಂಬ ಶಬ್ದ ಬಾಯಿಗೆ ಬರದಂತೆ ಮಾತಾಡಿದೆವು.

ಮರುದಿನ ಅಪ್ಪನೇ ಬೈಕ್ ತೆಗೆದ. ಲೇಔಟ್‌ನಲ್ಲಿ ಕಲ್ಲು ನೆಟ್ಟಿದ್ದರು, ಗೇಟಿಗೆ ಬಣ್ಣ ಬಳಿದಿದ್ದರು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದೆ. ಕಂದಾಯ ಇಲಾಖೆಯ ಈ ಆ್ಯಪ್ ನಾವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ನಂಬರ್ ಬರೆದುಕೊಂಡೆ. ಸ್ವಲ್ಪ ದೂರದಲ್ಲಿ ಒಬ್ಬ ಮುತ್ಯಾ ಕುರಿ ಮೇಯಿಸುತ್ತಿದ್ದ. ಅಪ್ಪನೇ ಕೇಳಿದ, ‘ಇಲ್ಲಿ ಹಳ್ಳ ಇತ್ತೇನ್ ಮುತ್ಯಾ?’

‘ಇತ್ತೇನ್ ಅಂದ್ರ? ಮಳಿಗಾಲದಾಗ ಕುರಿ ದಾಟಸ್ಲಾಕ ಆಗ್ತಿದ್ದಿಲ್ಲ. ಜೆಸಿಬಿ ತಂದು ಮರಂ ಹಾಕಿ ಮುಚ್ಚಿದ್ರು. ಮೂರು ವರ್ಷ ಆತು.’

ಅಪ್ಪ ಏನೂ ಮಾತಾಡದೆ ಮುತ್ಯಾಗೆ ಒಂದು ಬೀಡಿ ಕೊಟ್ಟ, ತಾನೂ ಒಂದು ಹಚ್ಚಿದ. ಬಿಟ್ಟು ನಾಲ್ಕು ವರ್ಷವಾಗಿತ್ತು.

ಮುಂದಿನ ಕೆಲಸ ಗ್ರಾಮ ನಕಾಶೆ. ಇದನ್ನು ನೀವೂ ಮಾಡಬಹುದು. ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಭೂದಾಖಲೆ ಕಚೇರಿಯಲ್ಲಿ ಊರಿನ ನಕಾಶೆಯ ಪ್ರತಿ ಸಿಗುತ್ತದೆ. ಟೋಪೋಶೀಟಿಗಿಂತ ಇದು ಎಷ್ಟೋ ಪಾಲು ದೊಡ್ಡ ಅಳತೆಯದು. ಪ್ರತಿ ಸರ್ವೆ ನಂಬರಿನ ಗಡಿ, ಬಂಡಿ ದಾರಿ, ಹಳ್ಳ ಎಲ್ಲ ಇರುತ್ತದೆ. ನಮ್ಮ ಸರ್ವೆ ನಂಬರಿನ ನಡುವೆ ಜೋಡಿ ಗೆರೆಯಲ್ಲಿ ಹಳ್ಳ ಇತ್ತು. ಹಳೆಯ ಪಹಣಿಯಲ್ಲಿ ಖರಾಬು ‘ಬ’ ಎಂದು ಕೆಲವು ಗುಂಟೆ ತೋರಿಸಿದ್ದರು. ಖರಾಬು ‘ಅ’ ಎಂದರೆ ಸಾಗುವಳಿಗೆ ಬಾರದ ನೆಲ, ‘ಬ’ ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ನೆಲ. ಪಹಣಿ ಎಲ್ಲರ ಮನೆಯಲ್ಲೂ ಇರುತ್ತದೆ, ಆದರೆ ಆ ಕಾಲಂ ಓದುವವರು ಕಡಿಮೆ. ನಾನೂ ಅಲ್ಲಿಯವರೆಗೆ ಓದಿರಲಿಲ್ಲ. ಲೇಔಟ್ ನಕ್ಷೆಯನ್ನು ಅದರ ಮೇಲಿಟ್ಟು ನೋಡಿದಾಗ 41ರ ಅರ್ಧ, 42 ಪೂರ್ತಿ, 43ರ ಮೂಲೆ ಹಳ್ಳದೊಳಗೆ ಬಂದವು.

ಎರಡಡಿ ಪೈಪು

ಲೇಔಟಿನವರು ಕೆಟ್ಟದಾಗಿ ಮಾತಾಡಲಿಲ್ಲ. ಚಹಾ ತರಿಸಿದರು. ‘ಎನ್.ಎ. ಆಗ್ಯಾದ, ಬ್ಯಾಂಕ್ ಲೋನ್ ಸಿಗ್ತದ, ಹಳ್ಳಕ್ಕ ಪೈಪ್ ಹಾಕೀವಿ’ ಎಂದರು. ಎಷ್ಟು ದೊಡ್ಡ ಪೈಪು ಎಂದು ಕೇಳಿದೆ. ಎರಡಡಿ ಎಂದರು.

ಇದಕ್ಕೆ ಲೆಕ್ಕವಿದೆ, ಅದು ನಮ್ಮ ಸಿಲೆಬಸ್‌ನಲ್ಲೇ ಇದೆ. ಕಾಂಟೂರ್ ನೋಡಿ ಆ ಹಳ್ಳಕ್ಕೆ ನೀರು ಬರುವ ಪ್ರದೇಶ ಸುಮಾರು 150 ಹೆಕ್ಟೇರ್ ಎಂದು ಅಳೆದೆ. ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದು, ಅದರ ಹತ್ತರಲ್ಲಿ ನಾಲ್ಕು ಪಾಲು ಹರಿದು ಬಂದರೂ ಸೆಕೆಂಡಿಗೆ ಎಂಟು ಘನ ಮೀಟರಿಗೂ ಹೆಚ್ಚು ನೀರು. ಎರಡಡಿ ಪೈಪಿನಲ್ಲಿ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಓಡಿದರೂ ಸಾಗುವುದು ಅರ್ಧ ಘನ ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಅಂಥ ಹದಿನಾಲ್ಕು–ಹದಿನೈದು ಪೈಪು ಬೇಕು. ಇದು ಎರಡನೇ ವರ್ಷದ ಹುಡುಗನ ಅಂದಾಜು ಲೆಕ್ಕ, ಸರ್ ನೋಡಿ ‘ಇಂಥ ಕೆಲಸಕ್ಕೆ ಇಷ್ಟು ಸಾಕು’ ಎಂದಿದ್ದರು. ಲೇಔಟಿನವರು ಕಾಗದ ನೋಡಿ, ‘ಹುಡುಗ ಶಾಣ್ಯಾ ಇದ್ದಾನ’ ಎಂದು ಅಪ್ಪನಿಗೆ ಹೇಳಿದರು. ಒಂದು ಲಕ್ಷ ಮುಂಗಡದಲ್ಲಿ ಎಂಬತ್ತು ಸಾವಿರ ವಾಪಸ್ ಬಂತು, ಮೂರು ತಿಂಗಳ ಮೇಲೆ, ನಾಲ್ಕು ಕಂತಿನಲ್ಲಿ. ಇಪ್ಪತ್ತು ಸಾವಿರ ಹೋಯಿತು.

ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂತು. ಕ್ಯುಜಿಐಎಸ್ ಗೊತ್ತಿದೆ ಎಂದು ಸೀನಿಯರ್ ಒಬ್ಬರು ರಜೆಯಲ್ಲಿ ಡ್ರೋನ್ ಸರ್ವೆಯ ಕೆಲಸಕ್ಕೂ ಕರೆದರು. ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು: 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆ ಮತ್ತು ಭೂಮಾಹಿತಿಯ ಮೇಲಿನ ನಿರ್ಬಂಧಗಳನ್ನು ಬಹುಪಾಲು ಸಡಿಲಿಸಿದ ಮೇಲೆ ಈ ಕ್ಷೇತ್ರದಲ್ಲಿ ಖಾಸಗಿಯವರಿಗೆ ದಾರಿ ತೆರೆದಿದೆ. ನಮ್ಮ ರಾಜ್ಯದಲ್ಲಿ ಪರವಾನಗಿ ಭೂಮಾಪಕರ ನೇಮಕವೂ ಆಗಾಗ ಆಗುತ್ತದೆ. ಓಪನ್ ಸೀರೀಸ್ ಹಾಳೆಗಳು ಸರ್ವೆ ಆಫ್ ಇಂಡಿಯಾದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಸಿಗುತ್ತವೆ. ನಿಮ್ಮೂರಿನ ಹಾಳೆ ಒಂದು ಸಲ ತೆರೆದು ನೋಡಿ, ಒಂದು ಭಾನುವಾರ ಹೋಗುತ್ತದೆ ಅಷ್ಟೇ.

ಆದರೆ ಮನೆಯಲ್ಲಿ ಅಂಕಕ್ಕೆ ಯಾರೂ ಹೋಳಿಗೆ ಮಾಡಲಿಲ್ಲ. ನಾವು ಈಗಲೂ ಅದೇ ಬಾಡಿಗೆ ಮನೆಯಲ್ಲಿದ್ದೇವೆ. ಆ ಕಡೆಯ ಸೈಟುಗಳ ರೇಟು ಒಂದೇ ವರ್ಷದಲ್ಲಿ ಏರಿದೆ, ಅಪ್ಪನ ಕೈಗೆ ಈಗ ಅವು ಎಟಕುವುದಿಲ್ಲ. ಇನ್ನೂ ಒಂದು ಮಾತು ಮುಚ್ಚಿಡಬಾರದು. ಕಳೆದ ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲಲೇ ಇಲ್ಲ. ಮಳೆ ಬಂದ ಪ್ರತಿ ಸಲ ನಾನು ಹಾಸ್ಟೆಲ್‌ನಿಂದ ಫೋನ್ ಮಾಡಿ ಕೇಳುತ್ತಿದ್ದೆ. ‘ಎಲ್ಲಿಗ್ ಹೋಯ್ತೋ ನಿನ್ನ ಹಳ್ಳ?’ ಎನ್ನುತ್ತಿದ್ದ ಅಪ್ಪ. ಗಂಟೆಗೆ 50 ಮಿಲಿಮೀಟರ್ ಮಳೆ ಪ್ರತಿ ವರ್ಷ ಬೀಳುವುದಿಲ್ಲ ಎಂದು ನಾನು ಹೇಳುತ್ತಿದ್ದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಹೇಗೆ ಉಕ್ಕಿ ಬಂದಿತ್ತು ನೆನಪು ಮಾಡಿಕೋ ಎನ್ನುತ್ತಿದ್ದೆ. ಹಾಗೆ ಹೇಳುವಾಗ, ನಾಚಿಕೆಯಾದರೂ ಒಪ್ಪಿಕೊಳ್ಳುತ್ತೇನೆ, ಒಳಗೆ ಎಲ್ಲೋ ಒಂದು ಕಡೆ ಒಂದು ದೊಡ್ಡ ಮಳೆ ಬರಲಿ ಎಂದು ಕಾಯುತ್ತಿದ್ದೆ.

41 ಮಾರಾಟವಾಗಿದೆ. ದಸರಾ ರಜೆಯಲ್ಲಿ ನಕಾಶೆಯ ಪ್ರತಿ ಹಿಡಿದು ಅಲ್ಲಿಗೆ ಹೋದೆ. ಮನೆ ಲಿಂಟಲ್ ತನಕ ಎದ್ದಿತ್ತು. ಮಾಲೀಕರು ಗೋಡೆಗೆ ಪೈಪಿನಿಂದ ನೀರು ಹೊಡೆಯುತ್ತಿದ್ದರು, ನಮ್ಮಪ್ಪನ ವಯಸ್ಸಿನವರು. ನಾನು ಹೇಗೆ ಶುರು ಮಾಡಬೇಕೆಂದು ಮೂರು ಸಲ ಮನಸ್ಸಿನಲ್ಲೇ ಹೇಳಿಕೊಂಡು, ಕೊನೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ನೀರು ಬಂದ್ ಮಾಡಿ ಪೂರ್ತಿ ಕೇಳಿದರು.

‘ಗೊತ್ತದ ತಮ್ಮಾ. ಪಾಯಾ ತೋಡುವಾಗ ಬರೀ ಮರಳು ಬಂತು. ಅದಕ್ಕ ಪ್ಲಿಂತ್ ಮೂರಡಿ ಎತ್ತರಸೀನಿ ನೋಡು. ಮುಂದಿನ ಮನಿಯವರು ನಾಕಡಿ ಎತ್ತರಸ್ಯಾರ.’ ಅಮೇಲೆ ನನ್ನ ಕೈಯಿಂದ ನಕಾಶೆ ತೆಗೆದುಕೊಂಡು ಬಿಸಿಲಿಗೆ ಹಿಡಿದರು. ‘ಇದರಾಗ ಬಾವಿ ತೋರಿಸ್ತದೇನು? ಬೋರ್ ಎಲ್ಲಿ ಹಾಕಸ್ಲಿ ಅಂತ ನೋಡಾಕತ್ತೀನಿ.’

ಗ್ರಾಮ ನಕಾಶೆಯಲ್ಲಿ ಸಿಗಲಿಲ್ಲ. ಮೊಬೈಲಿನಲ್ಲಿದ್ದ ಟೋಪೋಶೀಟ್ ತೆರೆದು ದೊಡ್ಡದು ಮಾಡಿ ನೋಡಿದೆ. ಹಳ್ಳದ ಎಡಗಡೆ ಬಾವಿಯ ಒಂದು ಸಣ್ಣ ಗುರುತು ಇತ್ತು. ಅಲ್ಲಿ ಈಗ 17ನೇ ನಂಬರಿನವರ ಮನೆಯ ಅಡುಗೆಕೋಣೆ ಬಂದಿದೆ.